ಕ್ರಿಸ್ತಪುರಾಣದ ಕರ್ತೃ ವಂದನೀಯ ಫಾದರ್ ತೋಮಸ್ ಸ್ಟೀಫನ್ಸ್

ಕೊಂಕಣಿ ಕ್ರೈಸ್ತರು ತಲೆಮಾರುಗಳಿಂದ ಭಕ್ತಿಯಿಂದ ಹಾಡಿಕೊಂಡು ಬಂದ ‘ಕ್ರಿಸ್ತಪುರಾಣ’ವನ್ನು ರಚಿಸಿದವರು ಈ ನೆಲದಲ್ಲಿ ಹುಟ್ಟಿದವರಲ್ಲ, ಸಾಗರದಾಚೆಯ ಇಂಗ್ಲೆಂಡಿನವರು ಎಂಬುದನ್ನು ನೆನೆದಾಗ ನಾವು ವಿಸ್ಮಯಪಡದೆ ಇರಲಾರೆವು.

ತೋಮಸ್ ಸ್ಟೀಫನ್ಸರು 1549ರ ಸುಮಾರಿಗೆ ವಿಲ್ಟ್‌ಷೈರ್ ಪ್ರಾಂತದ ಬುಷ್ಟನ್ ಎಂಬಲ್ಲಿ ಜನಿಸಿದರು. ತಂದೆ ಲಂಡನ್ನಿನ ವರ್ತಕರು. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ ಕಥೋಲಿಕರು ಪೂಜೆಯಲ್ಲಿ ಭಾಗವಹಿಸುವುದೇ ಅಪರಾಧವೆನಿಸಿದ್ದ ಕಾಲವದು. ತರುಣ ತೋಮಸರು ತಾಯ್ನಾಡನ್ನು ತೊರೆದು ರೋಮಾಪುರಿಗೆ ತೆರಳಿ, 1575ರಲ್ಲಿ ಯೇಸುಸಭೆಯನ್ನು ಸೇರಿದರು. ಪೂರ್ವದೇಶಗಳ ಧರ್ಮಪ್ರಚಾರಕರು ಬರೆಯುತ್ತಿದ್ದ ಪತ್ರಗಳನ್ನು ಸಭೆಯ ಗೃಹಗಳಲ್ಲಿ ಓದುವ ಪದ್ಧತಿ ಆಗ ಇತ್ತು. ಆ ವಿದ್ಯಾರ್ಥಿಯ ಹೃದಯದಲ್ಲಿ ಕಾಣದ ಭಾರತದ ಹಂಬಲ ಬೇರೂರಿತು.

1579ರ ಏಪ್ರಿಲ್ 4ರಂದು ಲಿಸ್ಬನ್ನಿನಲ್ಲಿ ಹಡಗನ್ನೇರಿದ ಅವರು ಅಕ್ಟೋಬರ್ 24ರಂದು ಗೋವೆಯನ್ನು ತಲುಪಿದರು. ಮುಂದಿನ ಸುಮಾರು ನಲವತ್ತು ವರ್ಷಗಳು ಬಹುಪಾಲು ಸಾಷ್ಟಿಯ ಜನರ ಸೇವೆಯಲ್ಲಿ ಕಳೆದವು. ಗುರುಗಳಾದ ಮೇಲೂ ಅವರೊಳಗಿನ ವಿದ್ಯಾರ್ಥಿ ವಿರಮಿಸಲಿಲ್ಲ. ಅವರು ಕೊಂಕಣಿಯನ್ನೂ ಮರಾಠಿಯನ್ನೂ ಶ್ರದ್ಧೆಯಿಂದ ಕಲಿತರು. ಈ ದೇಶದ ಭಾಷೆಗಳ ರಚನೆ ಗ್ರೀಕ್ ಹಾಗೂ ಲ್ಯಾಟಿನ್ ಭಾಷೆಗಳನ್ನು ಹೋಲುತ್ತದೆಂದು 1583ರಲ್ಲಿಯೇ ತಮ್ಮ ಸಹೋದರನಿಗೆ ಬರೆದರು. ವಿಲಿಯಂ ಜೋನ್ಸರು ಸಂಸ್ಕೃತದ ಬಗ್ಗೆ ಇಂಥದೇ ಮಾತನ್ನು ಸಾರಿದ್ದು 1786ರಲ್ಲಿ!

ನೂತನ ಕ್ರೈಸ್ತರ ಕೈಯಿಂದ ಹಳೆಯ ಪುರಾಣಗಳನ್ನು ಕಸಿದುಕೊಳ್ಳಲಾಗಿತ್ತು. ಆ ಬರಿದಾದ ಸ್ಥಾನವನ್ನು ತುಂಬುವ ಗ್ರಂಥವಿರಲಿಲ್ಲ. ಜನರ ಈ ಕೊರಗನ್ನು ಅರಿತ ಫಾದರ್ ಸ್ಟೀಫನ್ಸರು, ಅವರಿಗೆ ಪ್ರಿಯವಾದ ಓವಿ ಛಂದಸ್ಸಿನಲ್ಲಿಯೇ ಸೃಷ್ಟಿಯಿಂದ ಪ್ರಭು ಕ್ರಿಸ್ತರ ಸ್ವರ್ಗಾರೋಹಣದವರೆಗಿನ ಕಥೆಯನ್ನು ಸುಮಾರು 11,000 ಪದ್ಯಗಳಲ್ಲಿ ಹಾಡಿದರು. ಕೊಂಕಣಿ ಪದಗಳು ಬೆರೆತ ಮರಾಠಿಯ ಈ ಕೃತಿ 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು.

1619ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಕೊಂಕಣಿ ಧರ್ಮೋಪದೇಶ 1622ರಲ್ಲಿಯೂ, ಕೊಂಕಣಿ ವ್ಯಾಕರಣ 1640ರಲ್ಲಿಯೂ ಪ್ರಕಟವಾದವು. ಭಾರತೀಯ ಭಾಷೆಯೊಂದರ ಪ್ರಥಮ ಮುದ್ರಿತ ವ್ಯಾಕರಣವೆಂಬ ಕೀರ್ತಿ ಎರಡನೆಯದಕ್ಕೆ ಸಲ್ಲುತ್ತದೆ.

1684ರಲ್ಲಿ ಪೋರ್ಚುಗೀಸ್ ಆಡಳಿತವು ಕೊಂಕಣಿಯ ಬಳಕೆಯನ್ನೇ ನಿಷೇಧಿಸಿತು. ಆದರೆ ಜನರ ನಾಲಗೆಯಲ್ಲಿ ನೆಲೆಗೊಂಡದ್ದನ್ನು ರಾಜಾಜ್ಞೆ ಅಳಿಸೀತೇ? ಪುರಾಣದ ಆದಿಮುದ್ರಣಗಳ ಪ್ರತಿಗಳು ಕಣ್ಮರೆಯಾದರೂ ಭಕ್ತರು ಕೈಬರಹದ ಪ್ರತಿಗಳನ್ನು ಕಾಪಾಡಿಕೊಂಡರು. ಅವುಗಳ ಆಧಾರದಿಂದ 1907ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ಡಾನ್ಹಾರವರು ಗ್ರಂಥವನ್ನು ಮತ್ತೆ ಬೆಳಕಿಗೆ ತಂದರು.

ಪರನಾಡಿನವರೊಬ್ಬರು ಇಷ್ಟು ಪ್ರೀತಿಯಿಂದ ಕಲಿತ ಭಾಷೆಯಲ್ಲಿ ನಮ್ಮ ಮಕ್ಕಳು ಪ್ರಾರ್ಥಿಸಲು ನಾಚದಿರಲಿ. ಈ ಪುಣ್ಯಪುರುಷರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ ಅದುವೇ.