ಸಂತ ಜೋಸೆಫ್ ವಾಜರು: ನಮ್ಮ ನಿತ್ಯದ ಮಾತುಕತೆಗೊಂದು ಮಾದರಿ



ನಮ್ಮ ದೇವಾಲಯವು ನೂರು ವರುಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನನ್ನು ಬರೆಯಬೇಕೆಂದು ನಾವು ಬಹಳ ದಿನ ಯೋಚಿಸಿದೆವು. ದೇವಾಲಯದ ಚರಿತ್ರೆಯನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳ ನೆನಪನ್ನೂ ಇತರರು ಬರೆದಿದ್ದಾರೆ. ನಮ್ಮನ್ನು ಕಾಡುತ್ತಿರುವುದು ಬೇರೊಂದು ವಿಷಯ. ರೋಣದ ಸಂತೆಯಲ್ಲಿ, ನರಗುಂದದ ಬಸ್ ನಿಲ್ದಾಣದಲ್ಲಿ, ಗಜೇಂದ್ರಗಡದ ಮಗ್ಗದ ಮನೆಗಳ ಕಟ್ಟೆಯ ಮೇಲೆ ನೆರೆಹೊರೆಯವರು ನಮ್ಮವರನ್ನು ಕೆಲವು ಪ್ರಶ್ನೆ ಕೇಳುತ್ತಾರೆ. ನಿಮ್ಮ ಧರ್ಮ ಪರದೇಶದ್ದಲ್ಲವೇ ಎಂದು ಒಬ್ಬರು, ಮರಿಯಮ್ಮನನ್ನು ದೇವರೆಂದು ಪೂಜಿಸುತ್ತೀರಾ ಎಂದು ಇನ್ನೊಬ್ಬರು, ಜನರನ್ನು ಸೆಳೆಯಲೆಂದೇ ಶಾಲೆ ದವಾಖಾನೆ ನಡೆಸುತ್ತೀರಾ ಎಂದು ಮತ್ತೊಬ್ಬರು. ಆಗ ನಮ್ಮವರಲ್ಲಿ ಕೆಲವರು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ, ಕೆಲವರು ಸಿಟ್ಟಾಗಿ ಜಗಳಕ್ಕೆ ನಿಲ್ಲುತ್ತಾರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರವನ್ನು ಕುರಿತ ಕಾಯಿದೆ ಬಂದ ಮೇಲೆ ಮೌನವೇ ಹೆಚ್ಚಾಗಿದೆ.

ಮೌನವಾಗಲಿ ಜಗಳವಾಗಲಿ ವಿಶ್ವಾಸಕ್ಕೆ ಶೋಭೆಯಲ್ಲ. ನಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಸೌಮ್ಯತೆಯಿಂದಲೂ ಗೌರವದಿಂದಲೂ ಉತ್ತರ ಕೊಡಲು ಸಿದ್ಧರಿರಬೇಕೆಂದು ಪ್ರೇಷಿತ ಪೇತ್ರರು ತಮ್ಮ ಪತ್ರದಲ್ಲಿ ಆದಿ ಕ್ರೈಸ್ತರಿಗೆ ಬೋಧಿಸಿದ್ದಾರೆ. ಈ ಬೋಧನೆಯನ್ನು ತಮ್ಮ ಬದುಕಿನಲ್ಲಿ ನಡೆಸಿ ತೋರಿಸಿದ ಒಬ್ಬ ಮಹನೀಯರ ಚರಿತ್ರೆಯನ್ನು ನಿಮ್ಮ ಮುಂದಿಡಬಯಸುತ್ತೇವೆ. ಅವರು ನಮ್ಮ ನೆರೆಯ ಗೋವೆಯವರು, ನಮ್ಮ ಕನ್ನಡ ಕರಾವಳಿಯಲ್ಲಿ ದುಡಿದವರು, ಸಿಂಹಳ ದ್ವೀಪದ ಪ್ರೇಷಿತರೆನಿಸಿಕೊಂಡವರು. ಅವರೇ ಸಂತ ಜೋಸೆಫ್ ವಾಜರು.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಸಾಲಸೆಟ್ ಪ್ರಾಂತದ ಬಾಣಾವಲಿಯಲ್ಲಿ ಜನಿಸಿದರು. ಅದು ಅವರ ತಾಯಿ ಮರಿಯ ದೆ ಮಿರಾಂದಾ ಅವರ ಊರು. ತಂದೆ ಕ್ರಿಸ್ಟೋವಾವ್ ವಾಜರು ಸಾಂಕವಾಳದವರು. ಕೊಂಕಣಿ ಅವರ ಮನೆಮಾತು. ಬಾಲಕನು ಪೋರ್ಚುಗೀಸ್ ಮತ್ತು ಲ್ಯಾಟಿನ್ ಕಲಿತು, ಗೋವಾ ನಗರದಲ್ಲಿ ಯೇಸುಸಭೆಯವರ ಹಾಗೂ ದೊಮಿನಿಕನರ ವಿದ್ಯಾಪೀಠಗಳಲ್ಲಿ ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದನು. ಗುರುಗಳಾದ ಮೇಲೆ ವಾಜರು ಬರಿಗಾಲಿನಲ್ಲಿಯೇ ನಡೆಯುತ್ತಿದ್ದರು. ಮರುವರ್ಷ ಆಗಸ್ಟ್ 5ರಂದು ಅವರು ತಮ್ಮನ್ನು ದೇವಮಾತೆಯ ದಾಸನೆಂದು ಒಪ್ಪಿಸಿಕೊಂಡು ಪತ್ರ ಬರೆದು ಸಹಿ ಮಾಡಿದರು. ಆ ದಾಸತ್ವದ ಗುರಿ ಮಾತೆಯಲ್ಲ, ಮಾತೆಯ ಮಗನಾದ ಕ್ರಿಸ್ತ ಪ್ರಭು. ಆರಾಧನೆಯು ದೇವರೊಬ್ಬರಿಗೇ ಸಲ್ಲತಕ್ಕದ್ದು, ಮರಿಯಮ್ಮನಿಗೆ ನಾವು ಸಲ್ಲಿಸುವುದು ಮಕ್ಕಳು ತಾಯಿಗೆ ಸಲ್ಲಿಸುವ ಗೌರವ ಎಂಬ ಧರ್ಮಸಭೆಯ ಬೋಧನೆಯನ್ನು ಅವರ ಜೀವನದಲ್ಲಿ ಸ್ಪಷ್ಟವಾಗಿ ಕಾಣಬಹುದು.

1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಕಳುಹಿಸಲಾಯಿತು. ಆಗ ಆ ಕರಾವಳಿಯು ಕೆಳದಿ ಸಂಸ್ಥಾನಕ್ಕೆ ಸೇರಿದ್ದು ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ. ಮಂಗಳೂರು, ಬಸರೂರು, ಗಂಗೊಳ್ಳಿ, ಕಲ್ಯಾಣಪುರ ಮೊದಲಾದ ಕಡೆಗಳಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಅವರು ಕಾಲ್ನಡಿಗೆಯಲ್ಲಿ ಹುಡುಕಿಕೊಂಡು ಹೋದರು. ಅಲ್ಲಿ ಅವರಿಗೆ ಎದುರಾದದ್ದು ಪರಧರ್ಮದವರ ಹಗೆಯಲ್ಲ, ಕ್ರೈಸ್ತರ ಒಳಜಗಳ. ಪೋರ್ಚುಗಲ್ ಅರಸನ ಹಕ್ಕನ್ನು ಎತ್ತಿಹಿಡಿಯುವ ಗೋವೆಯ ಪಕ್ಷ ಒಂದು, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಅವರ ಪಕ್ಷ ಇನ್ನೊಂದು. ಯಾರ ಕೈಯಿಂದ ಸಂಸ್ಕಾರ ಪಡೆಯುವುದು ಸಿಂಧು ಎಂದು ಜನ ಗೊಂದಲಕ್ಕೀಡಾಗಿದ್ದರು. ಗೋವೆಯಿಂದ ಕಳುಹಿಸಲ್ಪಟ್ಟವರಾದರೂ ವಾಜರು ಧರ್ಮಾಧ್ಯಕ್ಷರ ಬಳಿ ವಿನಯದಿಂದ ಮಾತನಾಡಿ ಶಾಂತಿಗಾಗಿ ಶ್ರಮಿಸಿದರು. ಜೊತೆಗೆ ಶಾಲೆಗಳನ್ನು ತೆರೆದರು, ಭಕ್ತಸಂಘಗಳನ್ನು ಕಟ್ಟಿದರು. ಮನೆಯೊಳಗೆ ಒಡಕಿದ್ದರೆ ಹೊರಗಿನವರೊಡನೆ ಆಡುವ ಮಾತಿಗೆ ಬೆಲೆಯಿರುವುದಿಲ್ಲ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಮರುವರ್ಷ ಪವಾಡ ಶಿಲುಬೆಯ ದೇವಾಲಯದಲ್ಲಿ ಒಟ್ಟಾಗಿ ಬಾಳುತ್ತಿದ್ದ ಗೋವೆಯ ಗುರುಗಳ ಚಿಕ್ಕ ಬಳಗವನ್ನು ಸೇರಿ ಅದರ ಶ್ರೇಷ್ಠರಾದರು. ಈ ಬಳಗವು ಸಂತ ಫಿಲಿಪ್ ನೇರಿಯವರ ಒರೆಟರಿ ಸಭೆಯ ನಿಯಮವನ್ನು ಅನುಸರಿಸಿತು. 1515ರಲ್ಲಿ ಹುಟ್ಟಿ 1595ರಲ್ಲಿ ಗತಿಸಿದ ಫಿಲಿಪ್ ನೇರಿಯವರು ರೋಮ್ ನಗರದ ಬೀದಿಗಳಲ್ಲಿ, ಅಂಗಡಿಗಳಲ್ಲಿ ಯುವಕರೊಡನೆ ಸ್ನೇಹದಿಂದ ಹರಟುತ್ತಲೇ ಅವರನ್ನು ದೇವರ ಕಡೆಗೆ ತಿರುಗಿಸಿದವರು. ವೇದಿಕೆಯಿಂದ ಮಾತ್ರವಲ್ಲ, ಸಲಿಗೆಯ ಮಾತುಕತೆಯಿಂದಲೂ ಶುಭಸಂದೇಶ ಹರಡುತ್ತದೆ ಎಂಬುದು ಆ ಸಭೆಯ ಜೀವಾಳ.

ಅತ್ತ ಸಿಂಹಳ ದ್ವೀಪದಲ್ಲಿ ಕಥೋಲಿಕರ ಸ್ಥಿತಿ ದಾರುಣವಾಗಿತ್ತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಅಲ್ಲಿಂದ ಓಡಿಸಿದ್ದರು. ಕ್ಯಾಲ್ವಿನ್ ಪಂಥದವರಾದ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದರು. ಸುಮಾರು ಮೂವತ್ತು ವರ್ಷಗಳ ಕಾಲ ಅಲ್ಲಿ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಇದನ್ನು ಕೇಳಿ ವಾಜರು ಸುಮ್ಮನಿರಲಾರದೆ 1686ರಲ್ಲಿ ಗೋವೆಯನ್ನು ಬಿಟ್ಟರು. ಜೊತೆಯಲ್ಲಿದ್ದವನು ಜೋವಾವ್ ಎಂಬ ಸೇವಕ. 1687ರಲ್ಲಿ ತೂತುಕುಡಿಯಿಂದ ಕೂಲಿಯವನ ವೇಷದಲ್ಲಿ ದೋಣಿಯೇರಿ ಲಂಕೆಯನ್ನು ಸೇರಿದರು. ದಾರಿಯ ಕಷ್ಟಗಳಿಂದ ಅತಿಸಾರಕ್ಕೆ ತುತ್ತಾಗಿ ಸಾಯುವಂತಾದರೂ ದೇವರ ಕೃಪೆಯಿಂದ ಚೇತರಿಸಿಕೊಂಡರು.

ಜಾಫ್ನಾದಲ್ಲಿ ಕಥೋಲಿಕರು ಯಾರೆಂದು ತಿಳಿಯುವುದು ಹೇಗೆ? ಬಹಿರಂಗವಾಗಿ ಕೇಳಿದರೆ ಕೇಳಿದವನಿಗೂ ಹೇಳಿದವನಿಗೂ ಅಪಾಯ. ಆಗ ವಾಜರು ಕೊರಳಿಗೆ ಜಪಮಾಲೆಯನ್ನು ಹಾಕಿಕೊಂಡು ಭಿಕ್ಷುಕನಂತೆ ಮನೆಯಿಂದ ಮನೆಗೆ ಹೋದರು. ಬಾಗಿಲಿನಲ್ಲಿ ಬೇಡಿದ್ದು ಒಂದು ಹಿಡಿ ಅನ್ನ. ನೋಡುತ್ತಿದ್ದುದು ಜಪಮಾಲೆಯ ಮೇಲೆ ಬಿದ್ದ ಕಣ್ಣುಗಳನ್ನು. ಕೊನೆಗೆ ಒಂದು ಮನೆಯವರು ಅದನ್ನು ಗುರುತಿಸಿದರು. ಬಂದವನು ಗುರುವೆಂದು ತಿಳಿದಾಗ ಅವರಿಗಾದ ಆನಂದ ಎಷ್ಟಿದ್ದಿರಬೇಕು! ಅಂದಿನಿಂದ ರಾತ್ರಿಯ ಕತ್ತಲೆಯಲ್ಲಿ ಮನೆಗಳಲ್ಲಿ ಬಲಿಪೂಜೆ ಆರಂಭವಾಯಿತು. ಸಿಲ್ಲಾಲೈ ಎಂಬ ಹಳ್ಳಿ ಅವರ ಅಡಗುದಾಣವಾಯಿತು. ಡಚ್ಚರ ಬೇಹುಗಾರಿಕೆ ಹೆಚ್ಚಿದಾಗ ಅವರು ಪುತ್ತಳಂಗೆ ಹೋಗಿ, ಅಲ್ಲಿಂದ 1692ರಲ್ಲಿ ಕ್ಯಾಂಡಿ ಅರಸರ ರಾಜಧಾನಿಯತ್ತ ನಡೆದರು.

ಕ್ಯಾಂಡಿಯಲ್ಲಿ ಅವರಿಗೆ ಸಿಕ್ಕಿದ್ದು ಸೆರೆಮನೆ. ಅರಮನೆಯಲ್ಲಿದ್ದ ಕ್ಯಾಲ್ವಿನ್ ಪಂಥದ ಫ್ರೆಂಚನೊಬ್ಬನು ಇವರು ಪೋರ್ಚುಗೀಸರ ಗೂಢಚಾರರೆಂದು ದೂರಿದ್ದನು. ಈ ಸುಳ್ಳು ಆರೋಪಕ್ಕೆ ವಾಜರು ಕೊಟ್ಟ ಉತ್ತರ ನಮಗೆಲ್ಲ ಪಾಠವಾಗಿದೆ. ಅವರು ಕೂಗಾಡಲಿಲ್ಲ, ದೂರಿದವನನ್ನು ಶಪಿಸಲಿಲ್ಲ. ಸೆರೆಯಲ್ಲಿ ಕುಳಿತು ಸಿಂಹಳ ಭಾಷೆಯನ್ನು ಕಲಿತರು. ಬಂಧನ ಸಡಿಲವಾದಂತೆ ಅಲ್ಲಿಯೇ ಒಂದು ಗುಡಿಸಲು ಕಟ್ಟಿ ಬಲಿಪೂಜೆ ಅರ್ಪಿಸಿದರು. ಅವರ ನಡತೆಯನ್ನು ದಿನದಿನವೂ ಕಂಡವರಿಗೆ ಆರೋಪ ಸುಳ್ಳೆಂದು ತಾನಾಗಿಯೇ ಮನವರಿಕೆಯಾಯಿತು. 1696ರಲ್ಲಿ ಭೀಕರ ಅನಾವೃಷ್ಟಿಯಾದಾಗ ಅರಸನ ಕೋರಿಕೆಯಂತೆ ಅವರು ಶಿಲುಬೆಯ ಮುಂದೆ ಮೊಣಕಾಲೂರಿ ಪ್ರಾರ್ಥಿಸಲು ಧಾರಾಕಾರ ಮಳೆ ಸುರಿಯಿತೆಂದೂ, ಅವರು ನಿಂತ ನೆಲ ಮಾತ್ರ ಒಣಗಿಯೇ ಇತ್ತೆಂದೂ ಚರಿತ್ರಕಾರರು ಬರೆದಿದ್ದಾರೆ. ಬೌದ್ಧ ಧರ್ಮೀಯನಾದ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ತನ್ನ ರಾಜ್ಯದಲ್ಲಿ ಸಂಚರಿಸಿ ಬೋಧಿಸುವ ಸ್ವಾತಂತ್ರ್ಯವನ್ನಿತ್ತನು. ಯುರೋಪಿನ ಕ್ರೈಸ್ತರು ಬೇಟೆಯಾಡಿದ ಗುರುವನ್ನು ಬೌದ್ಧ ದೊರೆ ಕಾಪಾಡಿದನು ಎಂಬುದನ್ನು ನಾವು ಮರೆಯಲಾಗದು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಸಿರಿವಂತರೂ ಊರು ಬಿಟ್ಟರು. ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟರು. ವಾಜರು ಗುರು ಜೋಸೆಫ್ ಕಾರ್ವಾಲ್ಯೊ ಅವರೊಡನೆ ಆ ರೋಗಿಗಳನ್ನು ಹುಡುಕಿ, ಗಂಜಿ ಕುಡಿಸಿ, ಹುಣ್ಣು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಇವನು ಕ್ರೈಸ್ತನೋ ಬೌದ್ಧನೋ ಎಂದು ಕೇಳಲಿಲ್ಲ. ಸೇವೆಗೆ ಪ್ರತಿಯಾಗಿ ಯಾವ ಷರತ್ತನ್ನೂ ಒಡ್ಡಲಿಲ್ಲ.

ಮುಂದೆ ಗೋವೆಯಿಂದ ಇನ್ನಷ್ಟು ಗುರುಗಳು ಬಂದರು. 1705ರಲ್ಲಿ ಬಂದ ಗುರು ಜಾಕೊಮೆ ಗೊನ್ಸಾಲ್ವಿಸರು ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ಶ್ರೇಷ್ಠ ಧರ್ಮಸಾಹಿತ್ಯವನ್ನು ರಚಿಸಿದರು. ಜನರಿಗೆ ಜನರ ಭಾಷೆಯಲ್ಲಿಯೇ ಉತ್ತರಿಸಬೇಕೆಂಬುದು ವಾಜರ ನಿಲುವಾಗಿತ್ತು. ಧರ್ಮಾಧ್ಯಕ್ಷ ಪದವಿಯನ್ನು ಕೊಡಬಂದಾಗ ಅವರು ಒಲ್ಲೆನೆಂದರು. ದುಡಿದು ಬಳಲಿದ ಅವರು 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಆಗ ಅವರ ವಯಸ್ಸು ಐವತ್ತೊಂಬತ್ತು. ಗುರುಗಳೇ ಇಲ್ಲದಿದ್ದ ದ್ವೀಪದಲ್ಲಿ ಅವರು ಬಿಟ್ಟುಹೋದದ್ದು ಜೀವಂತ ಧರ್ಮಸಭೆಯನ್ನು. ಪೋಪ್ ಎರಡನೆಯ ಜಾನ್ ಪಾಲ್ ಅವರು 1995ರ ಜನವರಿ 21ರಂದು ಕೊಲಂಬೊ ನಗರದಲ್ಲಿ ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸ್ ಅವರು ಅದೇ ನಗರದಲ್ಲಿ 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದರು.

ಪ್ರಿಯರೇ, ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಗುರುಮಠದಲ್ಲಿ ನಾವು ವಿಶ್ವಾಸ ಸಮರ್ಥನೆಯ ಶಾಸ್ತ್ರವನ್ನು ಓದಿದ್ದೆವು. ಆಕ್ಷೇಪಣೆ ಹೀಗಿದ್ದರೆ ಉತ್ತರ ಹೀಗೆ ಎಂದು ಕಂಠಪಾಠವಾಗಿತ್ತು. ಗುರುಗಳಾದ ಹೊಸತರಲ್ಲಿ ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಯುವಕ ಉಪಾಧ್ಯಾಯರೊಬ್ಬರು ದೇವರಿಗೆ ಶಿಲುಬೆಯ ಮರಣ ಏಕೆಂದು ಕೇಳಿದರು. ನಾವು ಊರು ಬರುವವರೆಗೂ ಅವರಿಗೆ ಬಾಯಿ ತೆರೆಯಗೊಡದಂತೆ ವಾದಿಸಿದೆವು. ಅವರು ಸೋತು ಸುಮ್ಮನಾದರೆಂದು ನಾವು ಹಿಗ್ಗಿದೆವು. ಇಳಿಯುವಾಗ ಅವರು ನಮಸ್ಕರಿಸಿ, ಆ ವಾರವಷ್ಟೇ ತಮ್ಮ ಮಗು ತೀರಿಕೊಂಡಿತೆಂದು ಹೇಳಿ ಹೋದರು. ಅವರು ಕೇಳಿದ್ದು ವಾದಕ್ಕಲ್ಲ, ಸಾಂತ್ವನಕ್ಕಾಗಿ ಎಂದು ನಮಗೆ ಆಗ ತಿಳಿಯಿತು. ಅವರನ್ನು ನಾವು ಮತ್ತೆ ಕಾಣಲಿಲ್ಲ. ಅಂದಿನಿಂದ ಉತ್ತರ ಹೇಳುವ ಮುನ್ನ ಕೇಳಿದವರ ಮುಖವನ್ನು ನೋಡುವ ಅಭ್ಯಾಸ ಮಾಡಿಕೊಂಡೆವು.

ಹಾಗಾದರೆ ನೆರೆಯವರು ಕೇಳಿದಾಗ ನಾವು ಏನು ಹೇಳೋಣ? ನಮ್ಮ ಧರ್ಮ ಪರದೇಶದ್ದೆಂದರೆ, ಬರಿಗಾಲಿನಲ್ಲಿ ನಮ್ಮ ಕರಾವಳಿಯನ್ನು ನಡೆದ ವಾಜರ ಕಥೆಯನ್ನು ಹೇಳೋಣ. ಗಜೇಂದ್ರಗಡಕ್ಕೆ ದೂರವಲ್ಲದ ಮುದಗಲ್ಲಿನಲ್ಲಿ ನೂರಾರು ವರ್ಷಗಳಿಂದ ಬಾಳಿಬಂದಿರುವ ಕನ್ನಡ ಕಥೋಲಿಕರನ್ನು ನೆನಪಿಸೋಣ. ಆಮಿಷವೊಡ್ಡುತ್ತೀರೆಂದರೆ, ಯಾರನ್ನೂ ಬಲಾತ್ಕಾರದಿಂದ ವಿಶ್ವಾಸಕ್ಕೆ ತರಲಾಗದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿದೆ ಎಂದು ತಿಳಿಸೋಣ. ತನ್ನ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಸಂವಿಧಾನದ 25ನೆಯ ಅನುಚ್ಛೇದ ಎಲ್ಲರಿಗೂ ಕೊಟ್ಟಿದೆ. ಹಾಗೆಯೇ ನೆರೆಯವನಿಗೂ ಅದೇ ಹಕ್ಕಿದೆ. ಆತನು ತನ್ನ ದೇವರ ವಿಷಯ ಹೇಳಿದಾಗ ನಾವು ಕಿವಿಗೊಟ್ಟು ಕೇಳೋಣ. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಕೇಳಿ ಬಂದು ತಿಳಿಸೋಣ. ಅದರಲ್ಲಿ ಅವಮಾನವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಬಾಳು ನಮ್ಮ ಮಾತನ್ನು ಸುಳ್ಳಾಗಿಸದಿರಲಿ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನು ಕ್ರಿಸ್ತನ ಪ್ರೀತಿಯ ವಿಷಯ ಹೇಳಿದರೆ ಯಾರು ನಂಬುತ್ತಾರೆ? ತೂಕದಲ್ಲಿ ಮೋಸ ಮಾಡದ ವ್ಯಾಪಾರಿ, ನೆರೆಯ ಮನೆಯ ರೋಗಿಗೆ ಗಂಜಿ ಕೊಂಡೊಯ್ಯುವ ತಾಯಿ, ಇವರನ್ನು ಕಂಡವರು ತಾವಾಗಿಯೇ ಕಾರಣ ಕೇಳುತ್ತಾರೆ. ಆಗ ಹೇಳುವ ಎರಡು ಮಾತು ನಮ್ಮ ನೂರು ಪ್ರಸಂಗಗಳಿಗೆ ಸಮ.

ಮುಂದಿನ ನೂರು ವರುಷಗಳಲ್ಲಿ ಈ ದೇವಾಲಯದ ಗೋಡೆಗಳು ಗಟ್ಟಿಯಾಗಿ ನಿಲ್ಲುವುದಕ್ಕಿಂತ ಇದರ ಮಕ್ಕಳ ವಿಶ್ವಾಸ ಗಟ್ಟಿಯಾಗಿ ನಿಲ್ಲಲಿ. ಸಂತ ಜೋಸೆಫ್ ವಾಜರ ಹಬ್ಬವಾದ ಜನವರಿ 16ರಂದು ಪ್ರತಿಯೊಂದು ಮನೆಯಲ್ಲಿಯೂ ಅವರ ಚರಿತ್ರೆಯನ್ನು ಮಕ್ಕಳಿಗೆ ಹೇಳಿರಿ. ಅವರ ಬಿನ್ನಹದಿಂದ ನಮ್ಮ ನಾಲಿಗೆಗೆ ಧೈರ್ಯವೂ ಸೌಮ್ಯತೆಯೂ ಒಟ್ಟಾಗಿ ದೊರೆಯಲೆಂದು ಪ್ರಾರ್ಥಿಸುತ್ತೇವೆ.

ಪ್ರಭುವಿನಲ್ಲಿ ನಿಮ್ಮ ಸೇವಕರಾದ,
ವಿಚಾರಣಾ ಗುರುಗಳು