ದನದ ಮೈ ಮುಟ್ಟಿ ನೋಡಿದ ರೈತ: ರಾಬರ್ಟ್ ಬೇಕ್‌ವೆಲ್

ಮಕ್ಕಳೇ, ದನದ ಜಾತ್ರೆಯಲ್ಲಿ ರೈತರು ಕಡಸು ಕೊಳ್ಳುವುದನ್ನು ನೋಡಿದ್ದೀರಾ? ಕಡಸು ಎಂದರೆ ಇನ್ನೂ ಕರು ಹಾಕದ, ಬೆಳೆಯುತ್ತಿರುವ ಹಸು. ಅನುಭವಿ ರೈತರು ದೂರದಿಂದ ನೋಡಿ ಬೆಲೆ ಕಟ್ಟುವುದಿಲ್ಲ. ಹತ್ತಿರ ಹೋಗಿ ಬೆನ್ನು ಸವರುತ್ತಾರೆ. ಪಕ್ಕೆಲುಬಿನ ಮೇಲೆ ಬೆರಳಾಡಿಸುತ್ತಾರೆ. ಬಾಲದ ಬುಡವನ್ನು ಒತ್ತಿ ನೋಡುತ್ತಾರೆ. ಕಣ್ಣಿಗೆ ಕಾಣದ ಎಷ್ಟೋ ಸಂಗತಿಗಳು ಕೈಗೆ ತಿಳಿಯುತ್ತವೆ.

ಈ ಜಾಣ್ಮೆಗೆ ಪ್ರಯೋಗ ಮತ್ತು ಅಳತೆಗಳನ್ನು ಸೇರಿಸಿ, ಪಶುಸಾಕಣೆಯ ರೀತಿಯನ್ನೇ ಬದಲಾಯಿಸಿದ ರೈತನೊಬ್ಬ 18ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿದ್ದ. ಅವನೇ ರಾಬರ್ಟ್ ಬೇಕ್‌ವೆಲ್.

ಗೇಣಿ ರೈತನ ಮಗ

ಬೇಕ್‌ವೆಲ್ ಹುಟ್ಟಿದ್ದು 1725ರಲ್ಲಿ, ಲೆಸ್ಟರ್‌ಶೈರ್ ಪ್ರಾಂತ್ಯದ ಡಿಶ್ಲಿ ಎಂಬಲ್ಲಿ. ಅವನ ತಂದೆ ಅಲ್ಲಿ ಸುಮಾರು 440 ಎಕರೆ ಜಮೀನನ್ನು ಗೇಣಿಗೆ ಪಡೆದು ವ್ಯವಸಾಯ ಮಾಡುತ್ತಿದ್ದರು. ಯುವಕ ಬೇಕ್‌ವೆಲ್ ಬ್ರಿಟನ್ನಿನಲ್ಲೂ ಯೂರೋಪಿನ ಬೇರೆ ದೇಶಗಳಲ್ಲೂ ಸುತ್ತಾಡಿದ. ರೈತರು ದನ, ಕುರಿಗಳನ್ನು ಹೇಗೆ ಸಾಕುತ್ತಾರೆ, ಏನು ಮೇಯಿಸುತ್ತಾರೆ ಎಂದು ಗಮನಿಸಿದ. ಸುಮಾರು 1760ರ ವೇಳೆಗೆ ಜಮೀನಿನ ಹೊಣೆ ಅವನ ಕೈಗೆ ಬಂತು.

ಆಗಿನ ರೈತರಿಗೆ ದೊಡ್ಡ ಗಾತ್ರದ ಪ್ರಾಣಿಯೆಂದರೆ ಒಳ್ಳೆಯ ಪ್ರಾಣಿ. ಎತ್ತರದ ಮೈ, ದಪ್ಪ ಮೂಳೆ, ಉದ್ದ ಕೊಂಬು ಇದ್ದರೆ ಸಾಕು, ಮೆಚ್ಚಿಕೊಳ್ಳುತ್ತಿದ್ದರು. ಬೇಕ್‌ವೆಲ್ ಬೇರೊಂದು ಪ್ರಶ್ನೆ ಕೇಳಿಕೊಂಡ. ಪ್ರಾಣಿ ತಿಂದ ಮೇವು ಎಲ್ಲಿಗೆ ಹೋಗುತ್ತದೆ? ಮೂಳೆಗೋ, ಮಾಂಸಕ್ಕೋ? ಆಗ ಇಂಗ್ಲೆಂಡಿನ ಪಟ್ಟಣಗಳು ಬೆಳೆಯುತ್ತಿದ್ದವು. ಜನರಿಗೆ ಆಹಾರವಾಗಿ ಹೆಚ್ಚು ಮಾಂಸ ಬೇಕಾಗಿತ್ತು. ಕಡಿಮೆ ಮೇವು ತಿಂದು ಬೇಗ ಮೈತುಂಬಿಕೊಳ್ಳುವ ತಳಿಯೇ ಲಾಭದ್ದು ಎಂದು ಅವನು ಲೆಕ್ಕ ಹಾಕಿದ.

ನೋಡಿ, ಮುಟ್ಟಿ, ತೂಗಿ

ಇದನ್ನು ತಿಳಿಯಲು ಬೇಕ್‌ವೆಲ್ ಮೂರು ದಾರಿ ಹಿಡಿದ. ಮೊದಲನೆಯದು ಮುಟ್ಟಿ ನೋಡುವುದು. ಚರ್ಮದ ಕೆಳಗೆ ಮಾಂಸ, ಕೊಬ್ಬು ಎಷ್ಟಿದೆ, ಅದು ಮೃದುವೋ ಗಟ್ಟಿಯೋ ಎಂದು ಕೈಯಿಂದ ಪರೀಕ್ಷಿಸುತ್ತಿದ್ದ. ಎರಡನೆಯದು ತೂಗುವುದು. ಬೇರೆ ಬೇರೆ ತಳಿಯ ಕುರಿಗಳಿಗೆ ಮೇವನ್ನು ತೂಗಿ ಹಾಕಿ, ಯಾವುದರ ತೂಕ ಎಷ್ಟು ಏರಿತು ಎಂದು ಹೋಲಿಸುತ್ತಿದ್ದ. ಮೂರನೆಯದು ಸತ್ತ ಪ್ರಾಣಿಗಳನ್ನು ಪರೀಕ್ಷಿಸುವುದು. ಅವನ ಮನೆಯಲ್ಲಿ ಪ್ರಾಣಿಗಳ ಅಸ್ಥಿಪಂಜರಗಳಿದ್ದವು. ಉಪ್ಪುನೀರಿನಲ್ಲಿ ಕೆಡದಂತೆ ಇಟ್ಟ ಮಾಂಸದ ತುಂಡುಗಳೂ ಇದ್ದವು. ಒಂದು ಪೀಳಿಗೆಗೂ ಮುಂದಿನ ಪೀಳಿಗೆಗೂ ಮೂಳೆ ಎಷ್ಟು ಸಣ್ಣದಾಯಿತು, ಮಾಂಸ ಎಷ್ಟು ಹೆಚ್ಚಿತು ಎಂದು ಬಂದವರಿಗೆ ತೋರಿಸುತ್ತಿದ್ದ.

ಹುಲ್ಲುಗಾವಲಿನಲ್ಲೂ ಪ್ರಯೋಗ ನಡೆಯಿತು. ಕಾಲುವೆ ತೋಡಿ ಹುಲ್ಲಿಗೆ ನೀರು ಹರಿಸಿದ. ನೀರು ಕೊಟ್ಟ ಪಟ್ಟಿಯ ಪಕ್ಕದಲ್ಲೇ ನೀರು ಕೊಡದ ಪಟ್ಟಿಯನ್ನೂ ಬಿಟ್ಟ. ವ್ಯತ್ಯಾಸ ಯಾರ ಕಣ್ಣಿಗಾದರೂ ಕಾಣುವಂತಿತ್ತು.

ಅವನ ಪ್ರಾಣಿಗಳು ಬಹಳ ಸಾಧು. ಅವುಗಳನ್ನು ಹೊಡೆಯದೆ, ಬೆದರಿಸದೆ ಸಾಕುತ್ತಿದ್ದರು. ದೊಡ್ಡ ಹೋರಿಯನ್ನೂ ಹುಡುಗನೊಬ್ಬ ಸಣ್ಣ ಕೋಲು ಹಿಡಿದು ನಡೆಸಿಕೊಂಡು ಹೋಗಬಹುದಾಗಿತ್ತು. ಮುಟ್ಟಿ ಪರೀಕ್ಷಿಸಬೇಕಾದರೆ ಪ್ರಾಣಿ ನಮ್ಮನ್ನು ನಂಬಬೇಕಲ್ಲವೇ?

ಎರಡು ಕಡಸುಗಳಿಂದ ಹೊಸ ಹಿಂಡು

ಉದ್ದ ಕೊಂಬಿನ ಲಾಂಗ್‌ಹಾರ್ನ್ ದನಗಳನ್ನು ಸುಧಾರಿಸಲು ಬೇಕ್‌ವೆಲ್ ಕ್ಯಾನ್ಲಿ ಎಂಬಲ್ಲಿಂದ ಎರಡು ಕಡಸುಗಳನ್ನು ತಂದ. ಉತ್ತರದ ವೆಸ್ಟ್‌ಮರ್‌ಲ್ಯಾಂಡ್‌ನಿಂದ ಒಂದು ಹೋರಿಯನ್ನು ತರಿಸಿದ. ಇವುಗಳ ಸಂತತಿಯಲ್ಲಿ 1765ರಲ್ಲಿ ಹುಟ್ಟಿದ ಟೂಪೆನಿ ಎಂಬ ಹೋರಿ ಬಹಳ ಹೆಸರು ಮಾಡಿತು.

ಆ ಕಾಲದಲ್ಲಿ ಗಂಡು, ಹೆಣ್ಣು ಪ್ರಾಣಿಗಳು ಒಟ್ಟಿಗೆ ಮೇಯುತ್ತಿದ್ದವು. ಯಾವ ಕರುವಿಗೆ ಯಾವ ಹೋರಿ ತಂದೆ ಎಂದು ಹೇಳುವುದೇ ಕಷ್ಟವಾಗಿತ್ತು. ಬೇಕ್‌ವೆಲ್ ಅವುಗಳನ್ನು ಬೇರೆ ಬೇರೆ ಇಟ್ಟ. ತಾನು ಬಯಸಿದ ಗುಣಗಳಿರುವ ಜೋಡಿಗಳನ್ನು ಮಾತ್ರ ಆರಿಸಿ ಕೂಡಿಸಿದ. ಆ ಗುಣಗಳು ತಳಿಯಲ್ಲಿ ನೆಲೆಗೊಳ್ಳಲೆಂದು ಹತ್ತಿರದ ಸಂಬಂಧದ ಪ್ರಾಣಿಗಳನ್ನೇ ಮತ್ತೆ ಮತ್ತೆ ಜೋಡಿ ಮಾಡಿದ.

ಕುರಿಗಳಲ್ಲಿ ಅವನು ರೂಪಿಸಿದ ನ್ಯೂ ಲೆಸ್ಟರ್ ತಳಿ ಇನ್ನೂ ಪ್ರಸಿದ್ಧವಾಯಿತು. ಅದರ ಟಗರುಗಳನ್ನು ಮಾರದೆ, ವರ್ಷಕ್ಕೊಮ್ಮೆ ಬಾಡಿಗೆಗೆ ಕೊಡುತ್ತಿದ್ದ. ಇದರಲ್ಲೊಂದು ಉಪಾಯವಿತ್ತು. ಟಗರು ಹೋದ ಕಡೆ ಹುಟ್ಟಿದ ಮರಿಗಳನ್ನು ನೋಡಿ, ಯಾವ ಟಗರು ನಿಜವಾಗಿ ಉತ್ತಮ ಎಂದು ಅವನು ತಿಳಿಯುತ್ತಿದ್ದ. ಮೊದಲು ಕೆಲವೇ ಶಿಲ್ಲಿಂಗ್ ಇದ್ದ ಬಾಡಿಗೆ, 1789ರಲ್ಲಿ ಮೂರು ಟಗರುಗಳಿಗೆ 1,200 ಗಿನಿ ಆಯಿತು. ಒಂದು ಗಿನಿ ಎಂದರೆ 21 ಶಿಲ್ಲಿಂಗ್.

ಗೆಲುವಿನ ಜೊತೆ ಸೋಲು

ಬೇಕ್‌ವೆಲ್‌ನ ದಾರಿ ಸುಲಭವಾಗಿರಲಿಲ್ಲ. ಪ್ರಯೋಗಗಳಿಗೂ ಬಂದವರ ಸತ್ಕಾರಕ್ಕೂ ಹಣ ಖರ್ಚಾಗುತ್ತಿತ್ತು. 1776ರಲ್ಲಿ ಅವನು ದಿವಾಳಿಯಾದ. ಆದರೂ ಕೆಲಸ ಬಿಡಲಿಲ್ಲ.

ಇನ್ನೊಂದು ತೊಂದರೆ ನಿಧಾನವಾಗಿ ಗೊತ್ತಾಯಿತು. ಅವನ ದನಗಳು ಬೇಗ ಕೊಬ್ಬುತ್ತಿದ್ದವು, ಆದರೆ ಹಾಲು ಕಡಿಮೆ. ಅವನ ಕುರಿಗಳು ಹಾಕುವ ಮರಿಗಳ ಸಂಖ್ಯೆಯೂ ಇಳಿಯಿತು. ಹತ್ತಿರದ ಸಂಬಂಧದಲ್ಲೇ ಮತ್ತೆ ಮತ್ತೆ ಸಂತಾನ ಬೆಳೆಸಿದರೆ ಹೀಗಾಗುವುದುಂಟು. ಮುಂದೆ ಹಾಲು, ಮಾಂಸ ಎರಡನ್ನೂ ಕೊಡುವ ಶಾರ್ಟ್‌ಹಾರ್ನ್ ದನಗಳು ಲಾಂಗ್‌ಹಾರ್ನ್‌ಗಳ ಜಾಗ ಹಿಡಿದವು. ಅವುಗಳನ್ನು ಬೆಳೆಸಿದ ಕಾಲಿಂಗ್ ಸಹೋದರರೂ ಬೇಕ್‌ವೆಲ್‌ನ ವಿಧಾನವನ್ನೇ ಬಳಸಿದ್ದರು.

ಯಾವ ಪ್ರಾಣಿಯನ್ನು ಯಾವುದರ ಜೊತೆ ಕೂಡಿಸಿದೆ ಎಂಬುದನ್ನು ಬೇಕ್‌ವೆಲ್ ಗುಟ್ಟಾಗಿಟ್ಟಿದ್ದ. 1795ರಲ್ಲಿ ಅವನು ತೀರಿಕೊಂಡಾಗ ಆ ತಿಳಿವಳಿಕೆಯ ಬಹುಪಾಲು ಅವನ ಜೊತೆಗೇ ಹೋಯಿತು. ಆದರೆ ಅವನ ಕೆಲಸ ಮರೆಯಾಗಲಿಲ್ಲ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಜೀವಿಗಳ ಉಗಮದ ಕುರಿತ ಪುಸ್ತಕದಲ್ಲಿ ಬೇಕ್‌ವೆಲ್‌ನ ಹೆಸರಿದೆ.

ಇಂದು ಕೈಗೊಂದು ಅಂಕ

ಇಂದು ಮುಟ್ಟಿ ನೋಡಿದ್ದನ್ನು ಅಂಕವಾಗಿ ಬರೆದಿಡುತ್ತಾರೆ. 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಕುರಿಗಳಿಗೆ ಇಂಥ ಅಂಕಪಟ್ಟಿ ಬಂತು. ಆಮೇಲೆ ಹಾಲಿನ ಹಸುಗಳಿಗೂ ಬಂತು. ಸಾಮಾನ್ಯವಾಗಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಮೂಳೆಗಳೆಲ್ಲ ಎದ್ದು ಕಾಣುವ ಬಡಕಲು ಹಸುವಿಗೆ 1. ಒತ್ತಿದರೂ ಮೂಳೆ ಸಿಗದಷ್ಟು ಕೊಬ್ಬಿದ ಹಸುವಿಗೆ 5. ಬೆಳೆಯುವ ಕಡಸಿಗೆ 3ರ ಆಸುಪಾಸು ಒಳ್ಳೆಯದು.

ತೀರಾ ಬಡಕಲಾದರೆ ಕಡಸು ತಡವಾಗಿ ಬೆದೆಗೆ ಬರುತ್ತದೆ. ಹಾಗೆಂದು ಕೊಬ್ಬಿಸುವುದೂ ಸರಿಯಲ್ಲ. ಎಳೆಯ ವಯಸ್ಸಿನಲ್ಲಿ ಅತಿಯಾಗಿ ಕೊಬ್ಬಿದರೆ ಕೆಚ್ಚಲಿನಲ್ಲಿ ಹಾಲು ತಯಾರಿಸುವ ಭಾಗ ಸರಿಯಾಗಿ ಬೆಳೆಯದೆ ಕೊಬ್ಬು ಸೇರಬಹುದು. ಮುಂದೆ ಹಾಲು ಕಡಿಮೆಯಾಗಬಹುದು. ಹೊಳೆಯುವ ದುಂಡು ಮೈಯೇ ಆರೋಗ್ಯದ ಗುರುತಲ್ಲ.

ಹುಲ್ಲುಗಾವಲಿನಲ್ಲಿ ಮೇಯುವ ಕಡಸಿನ ಹೊಟ್ಟೆ ನೋಡಿ ಮೋಸ ಹೋಗಬಾರದು. ಹಸಿ ಹುಲ್ಲು ತುಂಬಿದಾಗ ಹೊಟ್ಟೆ ದುಂಡಗಿರುತ್ತದೆ. ಜಂತುಹುಳುವಿನ ತೊಂದರೆ ಇದ್ದರೂ ಹೊಟ್ಟೆ ಡೊಳ್ಳಾಗಬಹುದು. ಆದ್ದರಿಂದ ಬೆನ್ನು, ಪಕ್ಕೆಲುಬು, ಸೊಂಟದ ಮೂಳೆ ಮತ್ತು ಬಾಲದ ಬುಡವನ್ನು ಮುಟ್ಟಿಯೇ ತೀರ್ಮಾನಿಸಬೇಕು.

ಮಾಡಿ ನೋಡಿ

ಮನೆಯಲ್ಲಿ ಸಾಧುವಾದ ಕಡಸು ಇದ್ದರೆ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹಿಂದಿನಿಂದ ಹೋಗದೆ ಪಕ್ಕದಿಂದ ಹೋಗಿ. ಅಂಗೈಯನ್ನು ಪಕ್ಕೆಲುಬಿನ ಮೇಲೆ ಮೆಲ್ಲಗೆ ಇಡಿ. ಎಲುಬುಗಳು ಮೇಲೆಯೇ ಚೂಪಾಗಿ ಸಿಗುತ್ತವೆಯೇ, ಸ್ವಲ್ಪ ಒತ್ತಿದರೆ ಸಿಗುತ್ತವೆಯೇ, ಸಿಗುವುದೇ ಇಲ್ಲವೇ? ತಿಂಗಳಿಗೊಮ್ಮೆ ಹೀಗೆ ನೋಡಿ, ತಾರೀಖಿನೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಕಡಸು ಸೊರಗುತ್ತಿದೆ ಎನಿಸಿದರೆ ನಿಮ್ಮ ಊರಿನ ಪಶುವೈದ್ಯರಿಗೆ ಆ ಪುಸ್ತಕವನ್ನು ತೋರಿಸಿ. ಬೇಕ್‌ವೆಲ್ ಗುಟ್ಟಾಗಿಟ್ಟ, ನೀವು ಬರೆದಿಡಿ. ಬರೆದಿಟ್ಟ ತಿಳಿವಳಿಕೆ ಇನ್ನೊಬ್ಬರಿಗೂ ನೆರವಾಗುತ್ತದೆ.