ಯುದ್ಧ ಬೇಡವೆಂದ ಯೋಧ, ಶಾಲೆ ಕಟ್ಟಿದ ರೈತ

ಮೊದಲನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿದ ಅಮೇರಿಕದ ಸಾಮಾನ್ಯ ಸೈನಿಕರಲ್ಲಿ ಸಾರ್ಜೆಂಟ್ ಆಲ್ವಿನ್ ಯಾರ್ಕನಷ್ಟು ಜನಜನಿತನಾದವನು ಇನ್ನೊಬ್ಬನಿಲ್ಲವೆಂದರೆ ಹೆಚ್ಚಾಗದು. 1941ರಲ್ಲಿ ಗೇರಿ ಕೂಪರ್ ನಟಿಸಿದ ಚಲನಚಿತ್ರವೊಂದು ಈ ಹೆಸರನ್ನು ಹೊರದೇಶಗಳಿಗೂ ಮುಟ್ಟಿಸಿತು. ಆದರೆ ಯೋಧ ಊರಿಗೆ ಮರಳುವಲ್ಲಿಗೆ ಚಿತ್ರ ಮುಗಿಯುತ್ತದೆ. ನಿಜವಾದ ಯಾರ್ಕನು ಅಲ್ಲಿಂದ ಮುಂದೆ 45 ವರ್ಷ ಬದುಕಿದ್ದ. ರಣರಂಗದಲ್ಲಿ ಕಳೆದ ಕೆಲವೇ ಗಂಟೆಗಳಿಗಿಂತ ಆ 45 ವರ್ಷಗಳೇ ನಮಗೆ ದೊಡ್ಡವಾಗಿ ಕಾಣುತ್ತವೆ.

ಯಾರ್ಕನು ಹುಟ್ಟಿದ್ದು 1887ರ ದಶಂಬರ 13ರಂದು, ಟೆನೆಸಿ ರಾಜ್ಯದ ಉತ್ತರದ ಗಡಿಗೆ ಹತ್ತಿರದ ಪಾಲ್ ಮಾಲ್ ಎಂಬ ಹಳ್ಳಿಯಲ್ಲಿ. ಸುತ್ತ ಗುಡ್ಡಬೆಟ್ಟ, ನಡುವೆ ವುಲ್ಫ್ ನದಿಯ ಕಣಿವೆ. ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಎರಡು ಕೋಣೆಗಳ ಮನೆಯಲ್ಲಿ ಹನ್ನೊಂದು ಮಕ್ಕಳು, ಇವನು ಮೂರನೆಯವನು. ತಂದೆಗೆ ಒಂದಿಷ್ಟು ಬೇಸಾಯ, ಜೊತೆಗೆ ಕಮ್ಮಾರಿಕೆ. ಬೇಟೆಯ ಮಾಂಸವೂ ಆ ಮನೆಯ ಊಟದ ಒಂದು ಭಾಗವಾಗಿತ್ತು. ಹೀಗಾಗಿ ಹುಡುಗನಿಗೆ ಅಕ್ಷರಕ್ಕಿಂತ ಮೊದಲು ಕೋವಿ ಕೈಗೆ ಬಂತು. ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಆತನ ಮುಂದಿನ ಬಾಳೆಲ್ಲ ಇದರಿಂದಲೇ ಹೊರಟದ್ದು.

1911ರಲ್ಲಿ ತಂದೆ ತೀರಿಕೊಂಡರು. ಅಣ್ಣಂದಿರಿಬ್ಬರು ಮದುವೆಯಾಗಿ ಬೇರೆ ಮನೆ ಮಾಡಿದ್ದರಿಂದ ತಾಯಿಯನ್ನೂ ತಮ್ಮ ತಂಗಿಯರನ್ನೂ ಸಾಕುವ ಹೊರೆ ಆಲ್ವಿನ್‌ನ ಹೆಗಲಿಗೆ ಬಂತು. ಹಗಲು ಮೈಮುರಿದು ದುಡಿಯುವವನು, ವಾರದ ಕೊನೆಗೆ ಕುಡಿತ, ಜೂಜು, ಹೊಡೆದಾಟ. ಗೆಳೆಯನೊಬ್ಬ ಹೆಂಡದಂಗಡಿಯ ಜಗಳದಲ್ಲಿ ಕೊಲೆಯಾದ. ತಾಯಿಯ ಕಣ್ಣೀರೂ ನೆರೆಮನೆಯ ಗ್ರೇಸಿ ಎಂಬ ಹುಡುಗಿಯ ಮೇಲಿನ ಒಲವೂ ಸೇರಿ ಅವನ ಮನಸ್ಸನ್ನು ತಿರುಗಿಸಿದವು. 1915ರ ಹೊಸವರ್ಷದಿಂದ ಆತ ಕುಡಿತ ಬಿಟ್ಟ, ಊರಿನ ಚಿಕ್ಕ ಇಗರ್ಜಿಯಲ್ಲಿ ಹಾಡು ಹೇಳಿಸುವವನಾದ. ಕೊಲ್ಲಬಾರದೆಂಬ ಆಜ್ಞೆಯನ್ನು ಅಕ್ಷರಶಃ ನಂಬಿದ ಪಂಗಡ ಅದು.

ಎರಡೇ ವರ್ಷಗಳಲ್ಲಿ ಯುದ್ಧ ಬಂತು. 1917ರಲ್ಲಿ ಕಡ್ಡಾಯ ಸೈನಿಕ ಸೇವೆಗೆ ಹೆಸರು ಬರೆಸಬೇಕಾಯಿತು. ವಿಚಿತ್ರವೆಂದರೆ ಊರಿನ ಅಂಗಡಿಯವರೂ, ಅಂಚೆಯವರೂ, ಇಗರ್ಜಿಯ ಪಾದ್ರಿಯೂ, ಸೈನ್ಯಕ್ಕೆ ಹೆಸರು ಬರೆದುಕೊಳ್ಳುವವರೂ ಒಬ್ಬರೇ! ತನ್ನ ಧರ್ಮ ಯುದ್ಧವನ್ನು ಒಪ್ಪದೆಂದು ಯಾರ್ಕನು ವಿನಾಯಿತಿ ಬೇಡಿದ. ಪಾದ್ರಿಯೂ ಸಹಾಯಕ್ಕೆ ನಿಂತರು. ಆ ಪಂಗಡಕ್ಕೆ ಬೈಬಲನ್ನು ಬಿಟ್ಟು ಬೇರೆ ಲಿಖಿತ ನಿಯಮವಿಲ್ಲವೆಂದು ಸರಕಾರ ಅರ್ಜಿಯನ್ನು ತಳ್ಳಿತು. ಜಾರ್ಜಿಯಾದ ಶಿಬಿರದಲ್ಲಿ ಆತ ತನ್ನ ಕಷ್ಟವನ್ನು ಮೇಲಧಿಕಾರಿಗಳೆದುರು ಬಿಚ್ಚಿಟ್ಟ. ಮೇಜರ್ ಬಕ್ಸ್ಟನ್ ಎಂಬ ಅಧಿಕಾರಿ ಗದರಿಸಲಿಲ್ಲ. ಬೈಬಲನ್ನೇ ಮುಂದಿಟ್ಟು ರಾತ್ರಿ ಹೊತ್ತು ವಾದಿಸಿದರು, ಕೊನೆಗೆ ಯೋಚಿಸಿ ಬಾ ಎಂದು ರಜೆ ಕೊಟ್ಟು ಮನೆಗೆ ಕಳಿಸಿದರು. ಯಾರ್ಕನು ಊರ ಬೆಟ್ಟದ ಮೇಲೆ ಒಬ್ಬನೇ ಕುಳಿತು ಪ್ರಾರ್ಥಿಸಿದ, ಮನಸ್ಸು ಗಟ್ಟಿಯಾದ ಮೇಲೆ ಶಿಬಿರಕ್ಕೆ ಮರಳಿದ. ಸೈನ್ಯದಲ್ಲಿ ಇಂಥ ಮೇಲಧಿಕಾರಿ ಸಿಗುವುದು ಅಪರೂಪವೇ ಸರಿ. ಮುಂದೆ ಯಾರ್ಕನು ತನ್ನ ಒಬ್ಬ ಮಗನಿಗೆ ಅವರ ಹೆಸರನ್ನೇ ಇಟ್ಟ.

1918ರ ಅಕ್ಟೋಬರ 8ರ ಬೆಳಿಗ್ಗೆ ಫ್ರಾನ್ಸಿನ ಆರ್ಗಾನ್ ಕಾಡಿನಲ್ಲಿ ನಡೆದ ಘಟನೆ ಹೆಚ್ಚಿನವರಿಗೆ ತಿಳಿದದ್ದೇ, ಆದುದರಿಂದ ಚುಟುಕಾಗಿ ಹೇಳುತ್ತೇವೆ. ಸಾರ್ಜೆಂಟ್ ಬರ್ನಾರ್ಡ್ ಅರ್ಲಿಯ ಮುಂದಾಳುತನದಲ್ಲಿ 17 ಮಂದಿ ಜರ್ಮನರ ಹಿಂಬದಿಗೆ ನುಸುಳಿ ಕೆಲವರನ್ನು ಸೆರೆಹಿಡಿದರು. ಅಷ್ಟರಲ್ಲಿ ಗುಡ್ಡದ ಮೇಲಿನ ಮೆಷಿನ್‌ಗನ್ನುಗಳು ಗುಂಡಿನ ಮಳೆಗರೆದವು. ಆರು ಮಂದಿ ಸತ್ತರು, ಅರ್ಲಿಯೂ ಸೇರಿ ಮೂವರು ಗಾಯಗೊಂಡರು. ಉಳಿದವರಿಗೆ ಮುಂದಾಳಾದವನು ಕಾರ್ಪೊರಲ್ ಯಾರ್ಕ್. ತಲೆ ಎತ್ತಿದವರನ್ನು ಒಬ್ಬೊಬ್ಬರಾಗಿ ಹೊಡೆಯುತ್ತ ಹೋದ. ಆರು ಮಂದಿ ಬಯನೆಟ್ಟು ಹಿಡಿದು ನುಗ್ಗಿಬಂದಾಗ ಪಿಸ್ತೂಲಿನಿಂದ ಹಿಂದಿನವನನ್ನು ಮೊದಲು ಹೊಡೆದು ಮುಂದಿನವನನ್ನು ಕೊನೆಗೆ ಉಳಿಸಿಕೊಂಡ. ಊರಿನಲ್ಲಿ ಕಾಡು ಟರ್ಕಿಕೋಳಿಗಳ ಸಾಲನ್ನು ಬೇಟೆಯಾಡುವ ಕ್ರಮವೇ ಅದು. ಹಿಂದಿನದು ಬಿದ್ದದ್ದು ಮುಂದಿನದಕ್ಕೆ ತಿಳಿಯದು. ಕೊನೆಗೆ ಜರ್ಮನ್ ಅಧಿಕಾರಿಯೇ ಶರಣಾಗಲು ಒಪ್ಪಿದ. 20ಕ್ಕೂ ಹೆಚ್ಚು ಶತ್ರುಗಳು ಸತ್ತಿದ್ದರು. ಸೆರೆಸಿಕ್ಕವರು 132 ಮಂದಿ. ಯಾರ್ಕನಿಗೆ ದೇಶದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ದೊರಕಿತು. ಕೀರ್ತಿಯೆಲ್ಲ ಒಬ್ಬನಿಗೇ ಹೋಯಿತೆಂದು ಜೊತೆಯವರಲ್ಲಿ ಕೆಲವರು ನೊಂದುಕೊಂಡರು. ಆ ನೋವಿನಲ್ಲಿ ನ್ಯಾಯವಿಲ್ಲದಿರಲಿಲ್ಲ. ಅರ್ಲಿಗೆ ಪದಕ ಬಂದದ್ದು 1929ರಲ್ಲಿ.

1919ರ ಮೇ ತಿಂಗಳಲ್ಲಿ ಹಡಗಿನಿಂದಿಳಿದ ಯಾರ್ಕನನ್ನು ನ್ಯೂಯಾರ್ಕ್ ನಗರ ಹೊತ್ತು ಮೆರೆಸಿತು. ನಾಟಕದವರು, ಸಿನಿಮಾದವರು, ಜಾಹೀರಾತಿನವರು ಸಾವಿರಗಟ್ಟಲೆ ಡಾಲರು ಹಿಡಿದು ಬಾಗಿಲಲ್ಲಿ ನಿಂತರು. ತನ್ನ ಸಮವಸ್ತ್ರ ಮಾರಾಟದ ವಸ್ತುವಲ್ಲವೆಂದು ಆತ ಎಲ್ಲವನ್ನೂ ತಿರಸ್ಕರಿಸಿ ಊರಿಗೆ ಹೋದ. ಜೂನ್ 7ರಂದು ಗ್ರೇಸಿಯೊಡನೆ ಬಯಲಿನಲ್ಲೇ ಮದುವೆ; ಮದುವೆ ಮಾಡಿಸಿದವರು ರಾಜ್ಯದ ಗವರ್ನರರೇ.

ಊರಿನ ವೀರನಿಗೆ ರೋಟರಿಯವರು 400 ಎಕ್ರೆಯ ಹೊಲ ಕೊಡಿಸಲು ವಂತಿಗೆ ಎತ್ತಿದರು. ಭರವಸೆ ಕೊಟ್ಟವರೆಲ್ಲ ಹಣ ಕೊಡಲಿಲ್ಲ. ನೇಗಿಲಿಗೂ ಜಾನುವಾರಿಗೂ ಬೀಜಕ್ಕೂ ಸಾಲ ಮಾಡಬೇಕಾದ ಹೊತ್ತಿಗೆ ಫಸಲಿನ ಬೆಲೆ ಬಿತ್ತು. ಉಡುಗೊರೆಯೇ ಕೊರಳಿಗೆ ಉರುಳಾಯಿತು. ಪತ್ರಿಕೆಗಳು ಗದ್ದಲವೆಬ್ಬಿಸಿದ ಮೇಲೆ ಹೊಲದ ಬಾಕಿ ತೀರಿತಾದರೂ ಸಾಲದ ಕಾಟ ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಅದಕ್ಕೆ ಅವನ ಸ್ವಭಾವವೂ ಒಂದು ಕಾರಣ. ಕೇಳಿ ಬಂದವರಿಗೆ ಇಲ್ಲವೆನ್ನಲು ಆತನಿಗೆ ಬಾಯಿ ಬರುತ್ತಿರಲಿಲ್ಲ.

ಹೊರಜಗತ್ತನ್ನು ಕಂಡು ಬಂದವನಿಗೆ ತನ್ನ ಕಣಿವೆಯ ಮಕ್ಕಳ ಸ್ಥಿತಿ ಚುಚ್ಚತೊಡಗಿತ್ತು. ತಾನು ಕಲಿಯದೆ ಕಳಕೊಂಡದ್ದನ್ನು ಅವರು ಕಳಕೊಳ್ಳಬಾರದೆಂದು ಆತ ಊರೂರು ಸುತ್ತಿ ಭಾಷಣ ಮಾಡಿದ. ಜನ ಯುದ್ಧದ ಕತೆ ಕೇಳಲು ಬಂದರೆ ಆತ ಶಾಲೆಯ ಕತೆ ಹೇಳುತ್ತಿದ್ದ. 1926ರಲ್ಲಿ ಜೇಮ್ಸ್‌ಟೌನ್ ಪಟ್ಟಣದಲ್ಲಿ ಯಾರ್ಕ್ ಕೃಷಿ ವಿದ್ಯಾಸಂಸ್ಥೆ ಸ್ಥಾಪನೆಯಾಯಿತು. ಪುಸ್ತಕ ವಿದ್ಯೆಯೊಡನೆ ಬೇಸಾಯವನ್ನೂ ಕಸುಬನ್ನೂ ಕಲಿಸಬೇಕೆಂಬುದು ಆತನ ಹಂಬಲ.

ಇನ್ನು ಶುರುವಾಯಿತು ನಿಜವಾದ ಯುದ್ಧ. ಕಟ್ಟಡ ಎಲ್ಲಿ ಏಳಬೇಕೆಂಬಲ್ಲಿಂದ ಹಿಡಿದು ಆಡಳಿತ ಯಾರ ಕೈಯಲ್ಲಿರಬೇಕೆಂಬಲ್ಲಿಯವರೆಗೆ ಸ್ಥಳೀಯ ಮುಖಂಡರೊಡನೆ ಜಗಳ, ಕೋರ್ಟು ಕಚೇರಿ. ಮೂರನೇ ತರಗತಿಯನ್ನೂ ನೆಟ್ಟಗೆ ಮುಗಿಸದವನಿಗೆ ಶಾಲೆಯ ಉಸಾಬರಿ ಏಕೆಂದು ನಕ್ಕವರಿದ್ದರು. ಒಂದು ತರಗತಿಗಾಗಿ, ಒಬ್ಬ ಅಧ್ಯಾಪಕರಿಗಾಗಿ ಕಚೇರಿಗಳ ಮೆಟ್ಟಿಲು ಸವೆಸಿದ ನಮ್ಮ ಗಡಿನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಹಣ ಸಾಲದಾದಾಗ ಯಾರ್ಕನು ತನ್ನ ಹೊಲವನ್ನೇ ಅಡವಿಟ್ಟ. ಅಧ್ಯಾಪಕರ ಸಂಬಳಕ್ಕೂ ದೂರದ ಮಕ್ಕಳನ್ನು ಕರೆತರುವ ಬಸ್ಸಿಗೂ ಆ ದುಡ್ಡು ಹೋಯಿತು. ಮನೆಯಲ್ಲಿ ಸಾಲು ಮಕ್ಕಳು, ಅವರನ್ನೂ ಬಂದವರನ್ನೂ ಸುಧಾರಿಸಿಕೊಂಡು ಹೋದವಳು ಗ್ರೇಸಿ. ಈ ಸಾಹಸದಲ್ಲಿ ಆಕೆಯ ಪಾಲನ್ನು ಬರೆದವರು ಕಡಿಮೆ. ಮಕ್ಕಳ ಹೆಸರುಗಳೋ ಅಮೇರಿಕದ ಚರಿತ್ರೆಯ ಪಾಠದಂತಿವೆ: ವುಡ್ರೋ ವಿಲ್ಸನ್, ಆಂಡ್ರೂ ಜಾಕ್ಸನ್, ಥಾಮಸ್ ಜೆಫರ್ಸನ್, ಸ್ಯಾಮ್ ಹ್ಯೂಸ್ಟನ್, ಮಗಳು ಬೆಟ್ಸಿ ರಾಸ್.

1930ರ ದಶಕ ಮುಗಿಯುವ ಮೊದಲೇ ಶಾಲೆಯ ಆಡಳಿತ ಯಾರ್ಕನ ಕೈ ತಪ್ಪಿತು, ಸಂಸ್ಥೆಯನ್ನು ರಾಜ್ಯ ಸರಕಾರ ವಹಿಸಿಕೊಂಡಿತು. ತಾನು ಕಟ್ಟಿದಲ್ಲಿಂದ ತಾನೇ ಹೊರಗಾಗುವುದು ಸಣ್ಣ ನೋವಲ್ಲ. ಆದರೆ ಸರಕಾರದ ಕೈಗೆ ಹೋದ್ದರಿಂದಲೇ ಶಾಲೆ ಬದುಕಿತೆಂಬುದನ್ನೂ ಹೇಳಬೇಕು. ಲೆಕ್ಕಪತ್ರ ಆತನ ಕ್ಷೇತ್ರವಾಗಿರಲಿಲ್ಲ.

ಇಪ್ಪತ್ತು ವರ್ಷ ಸಿನಿಮಾಕ್ಕೆ ಒಪ್ಪದವನು ಕಡೆಗೆ ಒಪ್ಪಿದ್ದು ಊರಿನಲ್ಲಿ ಒಂದು ಬೈಬಲ್ ಶಾಲೆ ಕಟ್ಟುವ ಆಸೆಯಿಂದ. ಚಿತ್ರ ಭರ್ಜರಿಯಾಗಿ ಓಡಿತು, ಕೂಪರನಿಗೆ ಆಸ್ಕರ್ ಬಂತು, ಯಾರ್ಕನಿಗೂ ಹಣ ಬಂತು. ಬಂದದ್ದು ಬಂದ ಹಾಗೆಯೇ ಕಟ್ಟಡಕ್ಕೂ ಕೇಳಿದವರಿಗೂ ಹೋಯಿತು. ಎರಡನೇ ಮಹಾಯುದ್ಧ ಬಂದಾಗ ಆತ ಮತ್ತೆ ಸೈನ್ಯಕ್ಕೆ ಸೇರಲು ಹೊರಟ. ವಯಸ್ಸೂ ದೇಹತೂಕವೂ ಅಡ್ಡಬಂದವು. ಆಗ ಊರಿನ ಸೈನ್ಯಭರ್ತಿ ಸಮಿತಿಯ ಮುಖ್ಯಸ್ಥನಾಗಿ ದುಡಿದ. 1917ರಲ್ಲಿ ವಿನಾಯಿತಿಗಾಗಿ ಅರ್ಜಿ ಹಾಕಿದವನೇ ಈಗ ಇತರರ ಅರ್ಜಿಗಳನ್ನು ನೋಡುವವನಾದ.

ಚಿತ್ರದ ಹಣ ಖರ್ಚಾಗಿ ಹೋದ ಮೇಲೆ ಆದಾಯ ತೆರಿಗೆಯವರು ಬಂದರು. 1951ರಲ್ಲಿ ಅವರು ಕೇಳಿದ ಬಾಕಿ 85 ಸಾವಿರ ಡಾಲರಿಗೂ ಹೆಚ್ಚು. ಬಡ್ಡಿ ಬೆಳೆದು ಅದು 1 ಲಕ್ಷ 72 ಸಾವಿರಕ್ಕೆ ಮುಟ್ಟಿತು. 1954ರಲ್ಲಿ ಮೆದುಳಿನ ಆಘಾತವಾಗಿ ಯಾರ್ಕನು ಹಾಸಿಗೆ ಹಿಡಿದಿದ್ದ. ಕೊಡಲು ಏನಿತ್ತು? ದಾನ ಮಾಡಿದ ಹಣಕ್ಕೂ ಲೆಕ್ಕ ಕೇಳುವುದು ಕಾನೂನಿನ ದೃಷ್ಟಿಯಿಂದ ಸರಿಯಿರಬಹುದು, ನಮಗಂತೂ ಅದು ನಾಚಿಕೆಯ ಪ್ರಕರಣವಾಗಿಯೇ ಕಾಣುತ್ತದೆ. ಕೊನೆಗೆ 1961ರಲ್ಲಿ 25 ಸಾವಿರ ಡಾಲರಿಗೆ ರಾಜಿಯಾಯಿತು. ಅಮೇರಿಕದ ಲೋಕಸಭೆಯ ಸ್ಪೀಕರ್ ಸ್ಯಾಮ್ ರೇಬರ್ನರ ಮುಂದಾಳುತನದಲ್ಲಿ ಜನರಿಂದ ನಿಧಿ ಎತ್ತಿ ಆ ಹಣ ಕಟ್ಟಲಾಯಿತು. ನಾಲ್ಕು ದಶಕಗಳ ಹಿಂದೆ ಅರ್ಧಕ್ಕೆ ನಿಂತ ವಂತಿಗೆಯಂತೆ ಈ ಬಾರಿ ಆಗಲಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ಕೂಡಿತು.

1964ರ ಸೆಪ್ಟಂಬರ 2ರಂದು ನ್ಯಾಶ್ವಿಲ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಯಾರ್ಕನು ಕಣ್ಣುಮುಚ್ಚಿದ. ಆಗ ಆತನಿಗೆ 76 ವರ್ಷ. ವುಲ್ಫ್ ನದಿಯ ಕಣಿವೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು; 1984ರಲ್ಲಿ ತೀರಿಕೊಂಡ ಗ್ರೇಸಿಯ ಸಮಾಧಿಯೂ ಪಕ್ಕದಲ್ಲೇ ಇದೆ. ಅವರ ಮನೆಯನ್ನೂ, ನದಿಯ ದಂಡೆಯಲ್ಲಿ ಯಾರ್ಕನು ನಡೆಸುತ್ತಿದ್ದ ಹಿಟ್ಟಿನ ಗಿರಣಿಯನ್ನೂ ರಾಜ್ಯ ಸರಕಾರ ಸ್ಮಾರಕವಾಗಿ ಉಳಿಸಿಕೊಂಡಿದೆ. ಜೇಮ್ಸ್‌ಟೌನಿನ ಹೈಸ್ಕೂಲಿಗೆ ಆತನದೇ ಹೆಸರು.